ಜಟ್ಟೆಪ್ಪನ ಸ್ಕೋರು, ಮುದುಕವ್ವನ ಸೀನು

“ಬೀಗ ಆಗಾಂವನ ಕಂಪ್ಯೂಟರಿಗೆ ಮಣ್ಣ ಮುಕ್ಕಸಲಿಲ್ಲಾಂದ್ರ ನಾ ಬ್ಯಾಡಗಿ ಜಟ್ಟೆಪ್ಪನ ಅಲ್ಲ!”

ಮೆಣಸಿನಕಾಯಿ ವ್ಯಾಪಾರಿ ಜಟ್ಟೆಪ್ಪ ಹೀಗೆ ಗುಡುಗಿದಾಗ ಅಟ್ಟದ ಮೇಲಿನ ಬೆಕ್ಕು ಹಾವೇರಿ ಬಸ್ಸು ಹತ್ತಿಬಿಟ್ಟಿತಂತೆ! ಕಾರಣ ಇಷ್ಟೆ. ಮಗಳು ಶ್ರದ್ಧಾಳನ್ನು ಸೊಸೆ ಮಾಡಿಕೊಳ್ಳಲಿದ್ದ ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಕೊಟ್ರೇಶ ಫೋನಿನಲ್ಲಿ, “ನಮ್ಮ ಕಂಪ್ಯೂಟರ್ ಸ್ಪೀಡ್ ಟೆಸ್ಟಿನ್ಯಾಗ ಒಂಬತ್ತು ಸಾವಿರ ಸ್ಕೋರ್ ಮಾಡೇತ್ರಿ. ನಿಮ್ದು?” ಎಂದಿದ್ದ. ಜಟ್ಟೆಪ್ಪನದು ತೆವಳುತ್ತ ಎರಡು ಸಾವಿರ ಮುಟ್ಟಿ ಏದುಸಿರು ಬಿಟ್ಟಿತ್ತು.

ಕಾಯಿಯ ಬಣ್ಣ ನೋಡಿಯೇ ದರ ಕಟ್ಟುವವನಿಗೆ ಇದೇನು ಮಹಾ! ಹೊಸ ರ‍್ಯಾಮ್ ತಂದ. ಎಸ್‌ಎಸ್‌ಡಿ ತಂದ. ಪ್ರೊಸೆಸರನ್ನೇ ಬದಲಿಸಿದ. ಟೆಸ್ಟ್ ಹಚ್ಚಿದರೆ ಮಾತ್ರ ಡಬ್ಬಿ ಕಾದ ಹಂಚಾಗಿ ಸ್ಕೋರು ಮಕಾಡೆ ಮಲಗುತ್ತಿತ್ತು.

“ಪಡಸಾಲ್ಯಾಗ ಸ್ಯಾಂಪಲ್ ಚೀಲದ ಬಾಜೂಕ ಇಟ್ಟೀರಿ. ಹತ್ತ ವರ್ಷದ ಖಾರದ ಧೂಳು ಅದರ ಹೊಟ್ಟ್ಯಾಗ ಕುಂತೈತಿ. ಮೊದ್ಲ ಅದನ್ನ ಝಾಡಸ್ರಿ,” ಎಂದಳು ಹೆಂಡತಿ ಶೈಲಾ.

“ನಿನಗೇನ ತಿಳೀತೈತಿ? ಫ್ಯಾನ್ ಸಣ್ಣದಾಗೇತಿ!” ಎಂದವನೇ ವಿಮಾನವನ್ನೂ ಎತ್ತಬಲ್ಲ ಫ್ಯಾನೊಂದನ್ನು ಜಡಿದ.

ಲಗ್ನದ ದಿನ ಗೊತ್ತುಮಾಡಲು ಬೀಗರು ಬಂದರು. ಜೊತೆಗೆ ಕೊಟ್ರೇಶನ ತಾಯಿ ಮುದುಕವ್ವ. ಆ ಮನೆಯಲ್ಲಿ ಆಕೆಯದೇ ಕೊನೆಯ ಮಾತು. “ಬರೂ ವೈಶಾಖದಾಗ ಲಗ್ನಾ ಮಾಡೂಣು,” ಎಂದು ಆಕೆ ಅನ್ನುವುದಕ್ಕೂ ಜಟ್ಟೆಪ್ಪ ಠೀವಿಯಿಂದ ಟೆಸ್ಟ್ ಹಚ್ಚುವುದಕ್ಕೂ ಸರಿಹೋಯಿತು. ಫ್ಯಾನು ಭೋರ್ಗರೆಯಿತು! ಹತ್ತು ವರ್ಷದ ಖಾರ ಒಂದೇ ಉಸಿರಿಗೆ ಹೊರಬಿತ್ತು!

ಎಲ್ಲರೂ ಕೆಮ್ಮಿದರು. ಕೆಮ್ಮಿಗೆ ಶಕುನವಿಲ್ಲ, ಬಿಡಿ. ಸೀನಿದವಳು ಮುದುಕವ್ವ. ಅದೂ ಒಂದೇ ಸಲ!

“ಒಂಟಿ ಸೀನು! ಲಗ್ನದ ಮಾತಿಗೆ ಅಪಶಕುನ! ಏಳೋ ಕೊಟ್ರೇಶಾ!”

ಶ್ರದ್ಧಾಳ ಕಣ್ಣು ತುಂಬಿದವು. ಅದು ಖಾರಕ್ಕಲ್ಲ.

“ತಡೀರಿ ಯವ್ವಾ, ಜೋಡಿ ಸೀನಾದ್ರ ಶುಭಾ ಅಲ್ಲೇನ್ರಿ?” ಎಂದ ಶೈಲಾ ಗಂಡನತ್ತ ತಿರುಗಿದಳು. “ಲಗೂ ಹಚ್ರಿ ಇನ್ನೊಮ್ಮೆ, ನಿಮ್ಮ ಸುಡುಗಾಡ ಟೆಸ್ಟು!”

ಹಚ್ಚಿದ. ಧೂಳು ಕಳಚಿಕೊಂಡ ಕಂಪ್ಯೂಟರು ತಂಗಾಳಿ ಬೀಸುತ್ತ ಹನ್ನೊಂದು ಸಾವಿರ ಹೊಡೆಯಿತು! ಜನ್ಮದಲ್ಲಿ ಮೊದಲ ಸಲ! ಆದರೆ ಸೀನಿಸಲು ಚಿಟಿಕೆ ಖಾರವೂ ಉಳಿದಿರಲಿಲ್ಲ. ಜಟ್ಟೆಪ್ಪ ತಲೆ ಚಚ್ಚಿಕೊಂಡ. ಮುದುಕವ್ವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಶೈಲಾ ಅಡುಗೆಮನೆಗೆ ಓಡಿ, ಹಿಡಿ ಖಾರದಪುಡಿ ತಂದು ಫ್ಯಾನಿನ ಬಾಯಿಗೆ ತೂರಿದಳು.

“ಆಕ್ಷೀ!”

ಸೀನು ಜೋಡಿಯಾಯಿತು! ಮುದುಕವ್ವ ಮರಳಿ ಬಂದು ಕುಳಿತಳು. ಲಗ್ನ ಗಟ್ಟಿಯಾಯಿತು. ಕಂಪ್ಯೂಟರು ಒಗ್ಗರಣೆಯಂತೆ ಚಟಪಟ ಸಿಡಿದು ಪ್ರಾಣ ಬಿಟ್ಟಿತು.

ಕೊಟ್ರೇಶ ಮೂಗು ಒರೆಸಿಕೊಳ್ಳುತ್ತ ಕೇಳಿದ: “ಅಂದಂಗ ಬೀಗರ, ಕಡೀಕ ಸ್ಕೋರ್ ಎಷ್ಟ್ ಬಂತ್ರಿ?”

ಜಟ್ಟೆಪ್ಪ ಕರಿ ಪರದೆ ನೋಡಿದ. ಮುದುಕವ್ವನ ಮೂಗು ನೋಡಿದ. ಕೈಮುಗಿದ.

“ಎರಡ್ರಿ. ಅಷ್ಟ ಸಾಕ್ರಿ, ಮೂರನೇದು ಬ್ಯಾಡ!”