ಬಿಡುವಿನ ವೇಳೆಯಲ್ಲಿ ಮಾತ್ರ ಭೇಟಿ

ಆ ಸುತ್ತೋಲೆ ಬಂದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡು ಸಲ ಓದಿ, ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಶಿಕ್ಷಕರ ಸಂಘದ ಪದಾಧಿಕಾರಿಗಳು ಸರ್ಕಾರಿ ಶಾಲೆಗೆ ಬಂದು ಶಿಕ್ಷಕರನ್ನು ಕಾಣಬೇಕಾದರೆ ಮುಖ್ಯ ಶಿಕ್ಷಕರ ಅನುಮತಿ ಪಡೆಯತಕ್ಕದ್ದು. ಪಾಠದ ವೇಳೆ ಕೂಡದು. ಬಿಡುವಿನ ವೇಳೆಯಲ್ಲಿ ಮಾತ್ರ!

ಹೊಸನಗರ ತಾಲೂಕಿನ ನಗರ ಎಂಬ ಊರಿನ ಕಡೆಯ ನಮ್ಮ ಪುಟ್ಟ ಶಾಲೆಗೆ ನಾನೇ ಪ್ರಭಾರ ಮುಖ್ಯ ಶಿಕ್ಷಕಿ. ನನ್ನ ಕೈಕೆಳಗೆ ಇಬ್ಬರು ಶಿಕ್ಷಕಿಯರು, ಸಾವಿತ್ರಿ ಮತ್ತು ನೂರ್‌ಜಹಾನ್. ಸಂಘದಿಂದ ಬರುತ್ತಿದ್ದವಳು ವಿಮಲಾ.

ವಿಮಲಾ ಸಾಗರದ ಕಡೆಯವಳು. ಎಂ.ಎ.ಯಲ್ಲಿ ನನಗಿಂತ ಒಂದು ವರ್ಷ ಕಿರಿಯಳು. ನನ್ನ ನೋಟ್ಸ್ ಓದಿಯೇ ಪಾಸಾದಳು. ಇದು ನನ್ನ ನೆನಪು. ಅವಳನ್ನು ಕೇಳಿದರೆ ನಾನೇ ಅವಳ ನೋಟ್ಸ್ ಓದಿದ್ದೆ ಎನ್ನಬಹುದು, ಆದ್ದರಿಂದ ಕೇಳಿಲ್ಲ. ಅವಳು ಬಂದರೆ ಅಡುಗೆಯ ಗಿರಿಜಮ್ಮ ಹೇಳದೆಯೇ ಶುಂಠಿ ಚಹಾ ಮಾಡುತ್ತಿದ್ದರು. ನನಗೆ ಆ ಶಾಲೆಯಲ್ಲಿ ಆರು ವರ್ಷಗಳಲ್ಲಿ ಒಮ್ಮೆಯೂ ಚಹಾದಲ್ಲಿ ಶುಂಠಿ ಸಿಕ್ಕಿರಲಿಲ್ಲ! ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವಳು 'ಶುಭೋದಯ' ಎಂದರೂ ಜನ ಕೈ ಮುಗಿಯುತ್ತಿದ್ದರು. ನಾನು ಬರೆದ ಶಿಕ್ಷಕರ ದಿನಾಚರಣೆಯ ದೀರ್ಘ ಲೇಖನಕ್ಕೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಗುಂಪಿನಿಂದ ಹೊರಬಂದೆ. ಯಾರೂ ಗಮನಿಸಲಿಲ್ಲ.

ಸುತ್ತೋಲೆ ಬಂದ ವಾರದಲ್ಲೇ ಒಂದು ದಿನ ಹನ್ನೆರಡು ಗಂಟೆಗೆ ವಿಮಲಾ ಗೇಟಿನಲ್ಲಿ ಪ್ರತ್ಯಕ್ಷಳಾದಳು. ಕೈಯಲ್ಲೊಂದು ಫೈಲು.

"ಅಕ್ಕಾ, ಅರಾಮಾ? ಎರಡೇ ನಿಮಿಷದ ಕೆಲ್ಸ. ಎಲ್ರದ್ದೂ ಒಂದೊಂದು ಸಹಿ ಬೇಕಿತ್ತು."

"ಪಾಠದ ವೇಳೆ. ನಿಯಮ ಗೊತ್ತಲ್ಲ?"

"ಗೊತ್ತು ಮಾರಾಯ್ರೆ. ಆದ್ರೆ ನಿಮ್ದೇ ವಿಷ್ಯ ಅಕ್ಕಾ..."

"ನನ್ನದಾದರೂ ಅಷ್ಟೇ. ನಾನೂ ನೌಕರಳೇ!"

ಈ 'ನಿಮ್ದೇ ವಿಷ್ಯ' ಎಂಬ ಮಾತನ್ನು ಅವಳು ಹೇಳಲೇ ಇಲ್ಲವೆಂದು ಎರಡು ದಿನ ನಂಬಿದ್ದೆ. ಮೂರನೆಯ ದಿನ ನೆನಪಾಯಿತು. ನನ್ನ ನೆನಪು ಬಹಳ ಶಿಸ್ತಿನದು, ನನಗೆ ಅನುಕೂಲವಾದಾಗ ಮಾತ್ರ ಬರುತ್ತದೆ.

ಅವಳು ಊಟದ ಬಿಡುವಿನವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಬಿಡುವಾಯಿತು. ಬಿಸಿಯೂಟವನ್ನು ಮಕ್ಕಳಿಗಿಂತ ಮೊದಲು ಮುಖ್ಯ ಶಿಕ್ಷಕರು ರುಚಿ ನೋಡಬೇಕಷ್ಟೆ? ಅಂದು ಸಾಂಬಾರನ್ನು ಮೂರು ಸಲ ರುಚಿ ನೋಡಿದೆ.

"ಉಪ್ಪು ಹೆಚ್ಚಾಗಿದ್ಯಾ ಮೇಡಮ್ಮೋರೆ?" ಗಿರಿಜಮ್ಮ ಗಾಬರಿಯಾದರು.

"ಇನ್ನೂ ತೀರ್ಮಾನಕ್ಕೆ ಬಂದಿಲ್ಲ," ಎಂದೆ.

ಶಿಕ್ಷಕಿಯರಿಬ್ಬರೂ ಮಕ್ಕಳಿಗೆ ಬಡಿಸುತ್ತಿದ್ದರು. ವಿಮಲಾ ಮತ್ತೆ ಬಂದಳು. ಬಡಿಸುವುದು ಬಿಡುವಲ್ಲ, ಕರ್ತವ್ಯ ಎಂದು ವಿವರಿಸಿದೆ. ಬಡಿಸಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಬಿಡುವೆಂಬುದೇ ಇಲ್ಲವೆಂದು ಅಂದು ನಾನೊಬ್ಬಳೇ ಸಾಬೀತು ಮಾಡಿದೆ!

"ಆತಕ್ಕ, ಬಸ್‌ಸ್ಟ್ಯಾಂಡಲ್ಲಿ ಕೂತಿರ್ತೀನಿ," ಎಂದು ಅವಳು ನಗುತ್ತಲೇ ಹೋದಳು. ಆ ನಗು ನನಗೆ ಇನ್ನಷ್ಟು ಉರಿ ತಂದಿತು. ಶಾಲೆ ಬಿಟ್ಟು ಎಲ್ಲರೂ ಹೋದ ಮೇಲೂ ನಾನು ಕುಳಿತು 'ಸುತ್ತೋಲೆಯ ಪಾಲನಾ ವರದಿ' ಬರೆಯತೊಡಗಿದೆ. ಯಾರೂ ಕೇಳಿರಲಿಲ್ಲ.

ಎರಡನೆಯ ಪುಟದಲ್ಲಿದ್ದಾಗ ಸಾವಿತ್ರಿ ಮರೆತ ಕೊಡೆಗೆಂದು ವಾಪಸು ಬಂದಳು.

"ನಿಮ್ದು ಸಹಿ ಆತಾ ಮೇಡಂ? ನಮ್ದಿಬ್ರದ್ದೂ ಬಸ್‌ಸ್ಟ್ಯಾಂಡಲ್ಲೇ ಮಾಡ್ಸಿಕೊಂಡ್ರು."

"ಎಂತ ಸಹಿ?"

"ವರ್ಗಾವಣೆ ಪಟ್ಟಿಗೆ ಆಕ್ಷೇಪಣೆ! ನಿಮ್ದು ಗಂಡ-ಹೆಂಡತಿ ಪ್ರಕರಣ ಪಟ್ಟೀಲಿ ಬಿಟ್ಟೇ ಹೋಗಿದ್ಯಂತೆ. ಇವತ್ತೇ ಕೊನೇ ದಿನ. ಅಷ್ಟೊತ್ತು ಮಾತಾಡ್ತಾ ನಿಂತಿದ್ರಲ್ಲ, ಹೇಳಿರ್ತಾರೆ ಅಂದ್ಕಂಡ್ವಿ."

ನನ್ನ ಗಂಡ ತೀರ್ಥಹಳ್ಳಿಯಲ್ಲಿ ಪಶು ಇಲಾಖೆಯ ನೌಕರ. ದಂಪತಿ ಇಬ್ಬರೂ ನೌಕರರಾದರೆ ಒಂದೇ ಕಡೆಗೆ ವರ್ಗ ಕೊಡುವ ನಿಯಮದಡಿ ಅಲ್ಲಿಗೆ ವರ್ಗವಾಗಲೆಂದು ನಾನು ಆರು ವರ್ಷಗಳಿಂದ ಕಾಯುತ್ತಿದ್ದೆ. ಶಾಲೆಗೆ ಬೀಗ ಜಡಿದು ಸಿಕ್ಕಿದ ಆಟೋ ಹತ್ತಿದೆ. ದಾರಿಯಲ್ಲಿ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸಾಂಬಾರಿನ ಭಾಗ ಬಿಟ್ಟು.

"ನಿಂಗೆ ತಲೆ ಸರಿ ಇದ್ಯಾ ಮಾರಾಯ್ತಿ? ಹಸುವಾದ್ರೂ ಹುಲ್ಲು ತಂದವ್ರನ್ನ ಒಳಗೆ ಬಿಡುತ್ತೆ!"

ಹೊಸನಗರದ ಶಿಕ್ಷಣಾಧಿಕಾರಿ ಕಚೇರಿ ಮುಚ್ಚಲು ಐದು ನಿಮಿಷವಿತ್ತು. ಒಳಗೆ ಗುಮಾಸ್ತರ ಮೇಜಿನ ಮುಂದೆ ವಿಮಲಾ ನನ್ನ ಅರ್ಜಿ ತುಂಬಿಸಿ ಹಿಡಿದು ಕುಳಿತಿದ್ದಳು!

"ಬಂದ್ರಾ ಅಕ್ಕಾ? ಬರ್ತೀರಿ ಅಂತ ಗೊತ್ತಿತ್ತು. ಇಲ್ಲಿ ಸಹಿ ಹಾಕಿ."

ಹಾಕಿದೆ. ಗುಮಾಸ್ತರು ಕಾಗದ ತಿರುಗಿಸಿ ನೋಡಿದರು. "ಮುಖ್ಯ ಶಿಕ್ಷಕರ ಮೊಹರು ಎಲ್ಲಿ ಮೇಡಂ?"

ಮೊಹರು ಶಾಲೆಯ ಬೀರುವಿನಲ್ಲಿತ್ತು. ಬೀರುವಿಗೂ ಬೀಗ, ಶಾಲೆಗೂ ಬೀಗ.

"ನಾನೇ ಮುಖ್ಯ ಶಿಕ್ಷಕಿ. ಎದುರಿಗೇ ಇದ್ದೇನೆ," ಎಂದೆ.

"ನೀವಿದ್ರೆ ಆತಾ? ಮೊಹರು ಬೇಕು. ನಿಯಮ."

ನಿಯಮದ ವಿರುದ್ಧ ವಾದಿಸಲು ಬಾಯಿ ತೆರೆದೆ. ಮಧ್ಯಾಹ್ನದಿಂದ ಆ ಬಾಯಿ ಬೇರೆ ಪಕ್ಷದಲ್ಲಿತ್ತು.

"ಸರ್, ಇವತ್ತಿನ ತಾರೀಕಲ್ಲಿ ತಗಂಡಿರಿ," ಎಂದಳು ವಿಮಲಾ. "ನಾಳೆ ಫೈಲು ಹೋಗೋದ್ರೊಳಗೆ ಮೊಹರು ಹಾಕ್ಸಿ ತರ್ತೀವಿ. ನಮ್ಮಕ್ಕ ನಿಯಮಕ್ಕೆ ಎಷ್ಟು ಗಟ್ಟಿ ಅಂತ ನಂಗೆ ಗೊತ್ತು."

ಗುಮಾಸ್ತರು ನಕ್ಕುಬಿಟ್ಟರು. "ನೀವು ಹೇಳ್ತೀರಿ ಅಂತ ತಗಂತೀನಿ ವಿಮಲಾ ಮೇಡಂ. ನೀವು ಚಾ ಕುಡ್ಕಂಡೇ ಹೋಗಿ."

ಮರುದಿನ ಹತ್ತು ಗಂಟೆಗೆ ಮೊಹರು ಬಿತ್ತು. ಆಕ್ಷೇಪಣೆ ಸ್ವೀಕೃತವಾಯಿತು. ಈಗ ತೀರ್ಥಹಳ್ಳಿಯ ಮನೆಯಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಆ ಸಂಜೆ ನನಗೆ ಪಶ್ಚಾತ್ತಾಪವಾಯಿತು, ಕಣ್ಣು ತುಂಬಿ ಬಂತು ಎಂದು ಬರೆಯಲು ಆಸೆ. ಆದರೆ ದಿನಚರಿ ತೆಗೆದು ನೋಡಿದರೆ ಅಂದಿನ ಪುಟದಲ್ಲಿ ಒಂದೇ ಸಾಲಿದೆ: 'ಆ ಗುಮಾಸ್ತರು ಅವಳನ್ನು ನೋಡಿ ಅಷ್ಟು ನಕ್ಕರು. ನನಗೇಕೆ ಕುರ್ಚಿಯನ್ನೂ ತೋರಿಸಲಿಲ್ಲ?'