ಕೆಳಗಿನ ಕಿಟಕಿಯಲ್ಲಿ ರಾಹುಕಾಲ

ಮೇಲೆ ಬರೆದರೆ ಕೆಳಗೆ ಮಾತಾಡುತ್ತೆ, ಬೆರಳಿಟ್ಟರೆ ಹೊರಗಿರೋನು ಓಡ್ತಾನೆ, ನಡುಗೋದು ಮಾತ್ರ ಪಕ್ಕದಲ್ಲಿ ಕೂತೋನು. ಏನು ಹೇಳಿ?

ಬಿಡಿ, ಆಗಲ್ಲ. ಶಿವಾಜಿನಗರದಲ್ಲಿ ನಾನು ಲಗ್ನಪತ್ರಿಕೆ ಟೈಪ್ ಮಾಡ್ತಿದ್ದ ಅಂಗಡಿಯ ಕಂಪ್ಯೂಟರ್ ಅದು. ಅಲ್ಲಿ ಎಡವಟ್ಟಾಗದ ವಾರವೇ ಇರಲಿಲ್ಲ. ಹತ್ತನೇ ಕ್ಲಾಸು ಫೇಲಾದ ನನಗೆ ಅಪ್ಪ ಮೊದಲೇ ಹೇಳಿದ್ದರು: ಈ ಕೆಲಸ ಹೋದರೆ ಸೀದಾ ಕೆ.ಆರ್. ಪುರಂಗೆ, ಮಾವನ ಕೋಳಿ ಅಂಗಡಿಗೆ. ನನಗೋ ಕೋಳಿ ರೆಕ್ಕೆ ಬಡಿದರೆ ಎದೆ ಬಡಿದುಕೊಳ್ಳುತ್ತೆ.

ಟೀ

ಒಂದ್ಸಲ ರಾಹುಕಾಲದಲ್ಲಿ ಮುಹೂರ್ತ ಅಚ್ಚಾಗಿ, ಹುಡುಗಿ ಕಡೆಯವರು ಅಂಗಡಿಗೇ ನುಗ್ಗಿದ್ದರಂತೆ. ಆಮೇಲೆ ನಮ್ಮ ಮಾಲೀಕರು, ಎಲ್ಲರ ಬಾಯಲ್ಲೂ ಭಾಯ್, ದೊಮ್ಮಲೂರಿನ ಆಫೀಸಿನ ಸಾರ್ ಒಬ್ಬರ ಕೈಲಿ ಒಂದು ಏರ್ಪಾಟು ಮಾಡಿಸಿದರು. ಟೈಪ್ ಮಾಡೋ ಎಡಿಟರ್‌ನಲ್ಲೇ ಎಫ್ ಐದು ಕೀ ಒತ್ತಿದರೆ ಹೊರಗೆ ಬೇರೆ ಫೈಲಿನಲ್ಲಿರೋ ಒಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಓಡಿ, ವಾರ, ಗಂಟೆ ನೋಡಿ, ಸ್ಕ್ರೀನಿನ ಕೆಳಗಿನ ಕಿಟಕಿಯಲ್ಲಿ 'ಸರಿ' ಅಥವಾ 'ರಾಹುಕಾಲ' ಅಂತ ತೋರಿಸೋದು.

ಸಾರ್ ಭುಜದ ಹಿಂದೆ ನಿಂತು ನೋಡಿ ಕಲಿತವನು ನಾನು. 'ಸರಿ' ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಹುಡುಗನಿಗೆ ಟೀ ಹೇಳಿ.' ಭಾಯ್ ಓದಿದರು.

"ದೊಡ್ಡ ಮನಸ್ಸಪ್ಪಾ ಸಾರ್‌ದು" ಅಂದು ಟೀ ತರಿಸಿದರು.

ಕರೆಂಟು

ಆಸೆ ಬಿಡಲಿಲ್ಲ. ಬನ್ನೂ ಸೇರಿಸೋಣ ಅಂತ ಹೋಗಿ ಎಲ್ಲೋ ತಪ್ಪು ಮಾಡಿದೆ. ಎಫ್ ಐದು ಒತ್ತಿದ್ದೇ ತಡ, ಬನ್, ಬನ್, ಬನ್ ಅಂತ ಸಾಲು ಇಳೀತಾನೇ ಇದೆ, ಏನು ಒತ್ತಿದರೂ ನಿಲ್ಲಲ್ಲ. ಗಿರಾಕಿಗಳು ಬಗ್ಗಿ ನೋಡೋಕೆ ಶುರು ಮಾಡಿದರು. ಪ್ಲಗ್ಗೇ ಕಿತ್ತು, ಕರೆಂಟ್ ಹೋಯ್ತು ಭಾಯ್ ಅಂದೆ.

ಭಾಯ್ ಮೇಲೆ ನೋಡಿದರು. ಫ್ಯಾನು ಹಾಯಾಗಿ ತಿರುಗುತ್ತಿತ್ತು.

"ಇನ್ನೊಂದು ಸಲ ಸ್ಕ್ರಿಪ್ಟಿಗೆ ಕೈ ಹಾಕು ಮಗಾ, ಕೋಳಿ ಅಂಗಡಿಗೆ ನಾನೇ ಬಿಟ್ಟು ಬರ್ತೀನಿ."

ಪರಿಹಾರ

ಕೈ ಹಾಕಿದೆ. ಪಕ್ಕದ ಬೈಂಡಿಂಗ್ ಅಂಗಡಿಯವನಿಗೆ ಮದುವೆ ಗೊತ್ತಾಗಿತ್ತು, ಅವನನ್ನ ಹೆದರಿಸಬೇಕಿತ್ತು. ಯಾವ ದಿನ ಹಾಕಿದರೂ 'ರಾಹುಕಾಲ' ಬರೋ ಹಾಗೆ, 'ಪರಿಹಾರ' ಅಂತ ಬರೆದು ಒತ್ತಿದರೆ ಪರಿಹಾರ ಬರೋ ಹಾಗೆ ಮಾಡಿಟ್ಟೆ. ಅವನು ಬರೋದರೊಳಗೆ ಗರುಡಾಚಾರ್‌ಪಾಳ್ಯದ ಗೌಡರೊಬ್ಬರು ಮೊಮ್ಮಗಳ ಲಗ್ನಪತ್ರಿಕೆ ಹಿಡಿದು ಬಂದುಬಿಟ್ಟರು. ಭಾಯೇ ಕೀಬೋರ್ಡ್ ಎಳೆದುಕೊಂಡು ಭಾನುವಾರ ಬೆಳಗ್ಗೆ ಅಂತ ಹಾಕಿ ಒತ್ತಿದರು.

ರಾಹುಕಾಲ.

ಗೌಡರು ಸ್ಟೂಲ್ ಮೇಲೆ ಕುಸಿದರು. ಭಾನುವಾರ ರಾಹುಕಾಲ ಸಂಜೆಗಲ್ವಾ ಅಂತ ಭಾಯ್ ತಲೆ ಕೆರೆದುಕೊಂಡರು.

"ನನ್ನ ಮದ್ವೇದು ಹಾಕಿ ಸಾಬ್ರೇ, ನೋಡೋಣ" ಅಂದರು ಗೌಡರು. "ಸೋಮವಾರ, ಮಧ್ಯಾಹ್ನ."

ರಾಹುಕಾಲ.

ಗೌಡರು ಹೌದು ಹೌದು ಅಂತ ತಲೆಯಾಡಿಸಿದರು. "ಮಿಷಿನ್ನು ಸುಳ್ಳು ಹೇಳ್ತಿಲ್ಲ ಸಾಬ್ರೇ. ಈ ಮದ್ವೆ ಮುಂದಕ್ಕೆ ಹಾಕ್ಬೇಕು."

ಮೊಬೈಲು ತೆಗೆದು ಬೀಗರ ನಂಬರು ಒತ್ತೋಕೆ ಹೊರಟವರು ತಡೆದು, ಇದಕ್ಕೆ ಪರಿಹಾರ ಇದೆಯಾ ಕೇಳಿ ಅಂದರು. ಭಾಯ್ 'ಪರಿಹಾರ' ಅಂತ ಬರೆದು ಒತ್ತಿದರು. ಗೌಡರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು:

"ಟೈಪ್ ಮಾಡುವ ಹುಡುಗನಿಗೆ ಟೀ, ಬನ್ ಕೊಡಿಸುವುದು."

ಭಾಯ್ ನಿಧಾನಕ್ಕೆ ನನ್ನ ಕಡೆ ತಿರುಗಿದರು.

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು, ಟೀ, ಬನ್ ತರಿಸಿದರು, ಭಾಯ್ ನನ್ನ ಬೆನ್ನು ತಟ್ಟಿ ಕೆಲಸದಲ್ಲೇ ಇಟ್ಟುಕೊಂಡರು.

ಈ ಕೊನೆ ನಾನು ಕಟ್ಟಿದ್ದು, ಭಾಯ್ ಅಂದ ಮಾತೇ ನಡೆಸಿದರು. ಮದುವೆ ಮಾತ್ರ ಅದೇ ಭಾನುವಾರ, ಅದೇ ಮುಹೂರ್ತಕ್ಕೆ ಆಯ್ತು. ಬೀಗರೂಟಕ್ಕೆ ಕೋಳಿ ಹೋಗಿದ್ದು ಕೆ.ಆರ್. ಪುರಂನಿಂದ, ನಮ್ಮ ಮಾವನ ಅಂಗಡಿಯಿಂದ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಹಿಡಿದು ಕೊಟ್ಟವನು ನಾನು.