ಉಗ್ರಾಣದಿಂದ ಬಂದ ವಿಡಿಯೊ

ಬಟ್ಟೆ ಒಗೆಯುವ ಯಂತ್ರಕ್ಕೆಂದು ಹೆಂಡತಿ ಕೂಡಿಟ್ಟ ಹಣದಲ್ಲಿ ಗಂಡ ಕ್ಯಾಮೆರಾ ತಂದರೆ ಯಾವ ಮನೆಯಲ್ಲಾದರೂ ಏನಾಗಬೇಕೋ, ವಾಲ್ಯೆವೊ ಊರಿನ ರಾದಿವೊಯೆಯ ಮನೆಯಲ್ಲೂ ಅದೇ ಆಯಿತು. ಹೆಂಡತಿ ಸ್ತಾಮೆಂಕಾ ವಾರವಿಡೀ ಮಾತು ಬಿಟ್ಟಳು. (ಅದು ಶಿಕ್ಷೆಯೆಂದು ರಾದಿವೊಯೆಗೆ ಹೊಳೆಯಲೇ ಇಲ್ಲ.) ಆಮೇಲೆ ಬಿಟ್ಟ ಮಾತನ್ನೆಲ್ಲ ಬಡ್ಡಿ ಸಮೇತ ಆಡಿದಳು.

ಅವನ ವಾದ ಒಂದೇ. ಇದು ಬರೀ ಕ್ಯಾಮೆರಾ ಅಲ್ಲ; ಹಿಡಿದ ವಿಡಿಯೊವನ್ನು ತಂತಿಯ ಹಂಗಿಲ್ಲದೆ ಆಗಿಂದಾಗಲೇ ಕಂಪ್ಯೂಟರಿಗೆ ಕಳಿಸುವ ದಿವ್ಯಾಸ್ತ್ರ. ಸ್ತಾಮೆಂಕಾಳ ತಮ್ಮ ಲ್ಯುಬಿಶಾ ಮನೆಗಳಿಗೆ ಕರೆಂಟಿನ ತಂತಿ ಎಳೆದು ಹೊಟ್ಟೆ ಹೊರೆಯುವವನು. ಅವನಿಗೆ ಮೈಯೆಲ್ಲ ಉರಿಯಿತು.

"ಭಾವ, ತಂತಿ ಇಲ್ದೆ ಬರೋದು ನೆಗಡಿ ಒಂದೇ," ಎಂದ.

ಕೊನೆಗೆ ರಾಜಿಯಾಯಿತು. ಸಂತ ನಿಕೋಲಾನ ದಿನ, ಮನೆದೇವರ ಹಬ್ಬದಲ್ಲಿ, ನೆಂಟರೆದುರು ವಿಡಿಯೊ ತಾನಾಗಿ ಬಂದರೆ ಕ್ಯಾಮೆರಾ ಉಳಿಯುತ್ತದೆ. ಬಾರದಿದ್ದರೆ ಮರುದಿನವೇ ಅಂಗಡಿಗೆ ವಾಪಸು.

ಈ ಹಬ್ಬದಲ್ಲಿ ನೆಂಟರು ಕೂತು ತಿನ್ನಬೇಕು, ಮನೆಯ ಯಜಮಾನ ದಿನವಿಡೀ ನಿಂತು ಬಡಿಸಬೇಕು. ಮದುವೆಯಾದಂದಿನಿಂದ ಒಂದು ಹಬ್ಬದಲ್ಲೂ ತಾನು ಕೂತವನಲ್ಲ ಎಂಬುದು ರಾದಿವೊಯೆಯ ಜಂಬ. ಮಂಡಿ ಕಿರುಗುಟ್ಟಿದರೂ ಜಂಬ ಬಗ್ಗಲಿಲ್ಲ. ಪಾದ್ರಿಗಳು ಬೇರೆ ಮನೆಗಳಲ್ಲಿ ಅವನ ಹೆಸರನ್ನೇ ಹೇಳಿ ಬುದ್ಧಿ ಕಲಿಸುತ್ತಿದ್ದರು.

ಹಬ್ಬದ ರೊಟ್ಟಿಯನ್ನು ಪಾದ್ರಿಗಳೂ ನೆಂಟರೂ ಎಲ್ಲರೂ ಕೈ ಹಾಕಿ ತಿರುಗಿಸುವ ಶಾಸ್ತ್ರವನ್ನು ರಾದಿವೊಯೆ ಭಕ್ತಿಯಿಂದ ಕ್ಯಾಮೆರಾದಲ್ಲಿ ಹಿಡಿದ. ಕಂಪ್ಯೂಟರನ್ನು ನಡುಮನೆಯ ದೊಡ್ಡ ಟಿವಿಗೆ ಜೋಡಿಸಿದ್ದ. ಅದರಲ್ಲಿ ಒಂದು ಚಕ್ರ ಗಿರಿಗಿರಿ ಸುತ್ತಿತೇ ಹೊರತು ರೊಟ್ಟಿ ಬರಲಿಲ್ಲ. ಲ್ಯುಬಿಶಾ ಮೀನು ಮುರಿಯುತ್ತ, ಚಕ್ರ ಬಹಳ ಚೆನ್ನಾಗಿದೆ ಎಂದು ಹೊಗಳಿದ.

ವೈಫೈ ಪೆಟ್ಟಿಗೆಯಿಂದ ನಡುಮನೆಯ ಅಂದ ಕೆಡುತ್ತದೆಂದು ಸ್ತಾಮೆಂಕಾ ಅದನ್ನು ಉಗ್ರಾಣಕ್ಕೆ ಅಟ್ಟಿದ್ದಳು. ರಾದಿವೊಯೆ ಅಲ್ಲಿಗೇ ಓಡಿ, ಕ್ಯಾಮೆರಾವನ್ನು ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲಿಟ್ಟ. ಹಸಿರು ದೀಪ ಮಿನುಗಿತು. ಕೆಂಪು ದೀಪವೂ ಉರಿಯುತ್ತಲೇ ಇತ್ತು. (ಚಿತ್ರ ಹಿಡಿಯುವುದನ್ನು ಅವನು ನಿಲ್ಲಿಸಿರಲಿಲ್ಲ.) ಎದುರಿಗೆ ಹುಳಿ ಎಲೆಕೋಸಿನ ಪೀಪಾಯಿ, ಅದರ ಮೇಲೊಂದು ಅಗಲವಾದ ಮುಚ್ಚಳ. ಬಾಗಿಲು ಮುಚ್ಚಿತ್ತು. ನೋಡುವವರು ಯಾರು?

ಕೂತ. ಕಾಲು ಚಾಚಿದ. ಕಣ್ಣು ಮುಚ್ಚಿದ.

"ಅಪ್ಪಾ ನಿಕೋಲಾ, ಮದುವೆ ಆದ್ಮೇಲೆ ಇಷ್ಟು ಸುಖ ಇದೇ ಮೊದಲು," ಎಂದು ನಿಟ್ಟುಸಿರಿಟ್ಟ.

ನಡುಮನೆಯಲ್ಲಿ ಚಪ್ಪಾಳೆ ಸಿಡಿಯಿತು. ರೊಟ್ಟಿ ಬಂತೆಂದು ರಾದಿವೊಯೆ ಎದ್ದು, ಕ್ಯಾಮೆರಾವನ್ನು ತಲೆಯ ಮೇಲೆತ್ತಿ, ದಂಡಯಾತ್ರೆ ಮುಗಿಸಿದ ದೊರೆಯ ಹಾಗೆ ನಡುಮನೆಗೆ ಬಂದ. ಲ್ಯುಬಿಶಾ ಕಣ್ಣೀರು ಒರೆಸಿಕೊಳ್ಳುತ್ತ ಅಪ್ಪಿಕೊಂಡ.

"ಸೋತೆ ಭಾವ. ತಂತಿ ಇಲ್ದೇನೇ ಬಂತು."

ಜೀವಮಾನದಲ್ಲಿ ಆ ಬಾಯಿಂದ ಸೋತೆ ಎಂಬ ಮಾತು ಕೇಳಿದ್ದು ಅದೇ ಮೊದಲು. ರಾದಿವೊಯೆಯ ಎದೆ ಉಬ್ಬಿತು. ಅಷ್ಟರಲ್ಲಿ ಪಾದ್ರಿಗಳು ತಾವೇ ಎದ್ದು ತಮ್ಮ ಕುರ್ಚಿಯನ್ನು ಅವನ ಕಡೆ ಸರಿಸಿದರು.

"ಕೂತ್ಕೊಳ್ಳಪ್ಪ, ಪೀಪಾಯಿಗಿಂತ ಇದು ಮೆತ್ತಗಿದೆ."

ರಾದಿವೊಯೆಗೆ ಎಲ್ಲ ಅರ್ಥವಾಯಿತು. ಮುಖ ಬೀಟ್‌ರೂಟಿನಂತಾಯಿತು. ಆದರೂ ಗೆದ್ದವನು ಗೆದ್ದವನೇ. ಗಂಟಲು ಸರಿಮಾಡಿಕೊಂಡು ಹೆಂಡತಿಯತ್ತ ತಿರುಗಿದ.

"ಕ್ಯಾಮೆರಾ ಉಳೀತು ತಾನೆ?"

"ಉಳೀತು," ಎಂದಳು ಸ್ತಾಮೆಂಕಾ. "ಚಿತ್ರ ಚೆನ್ನಾಗಿ ಬಂತು. ಮಾತು ಇನ್ನೂ ಚೆನ್ನಾಗಿ ಕೇಳಿಸ್ತು. ನಾಳೆಯಿಂದ ಬಟ್ಟೆ ನೀನೇ ಒಗಿ. ನಿಂತ್ಕೊಂಡು."